ಕಲಾಶಾಲೆ ಮುಗಿಸಿದವರಿಗೆ ನೆರವು: ದತ್ತಿ ಬಹುಮಾನವೋ, ಶಿಷ್ಯವೇತನವೋ, ಸ್ಟುಡಿಯೊವೋ?

ಕಲಾ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ, ಊರಿನ ಟ್ರಸ್ಟು, ತೀರಿಕೊಂಡ ಹಿರಿಯರ ಹೆಸರಿನಲ್ಲಿ ಏನಾದರೂ ಮಾಡಬೇಕೆಂದು ಹಣ ತೆಗೆದಿಟ್ಟ ಕುಟುಂಬ, ಹೊರನಾಡಿನ ಕನ್ನಡ ಸಂಘ: ಯುವ ಕಲಾವಿದರಿಗೆ ನೆರವಾಗಲು ಮುಂದೆ ಬರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಅವರಲ್ಲಿ ಹೆಚ್ಚಿನವರ ಯೋಚನೆ ಒಂದು ದತ್ತಿ ಬಹುಮಾನದಿಂದ ಮೊದಲಾಗಿ ಅಲ್ಲಿಗೇ ಮುಗಿಯುತ್ತದೆ. ಬೇರೆ ಯಾವ ದಾರಿಗಳಿವೆ, ಒಂದೊಂದಕ್ಕೂ ಎಷ್ಟು ಹಣ, ಎಷ್ಟು ದುಡಿಮೆ ಬೇಕು, ಅದರಿಂದ ಕಲಾವಿದನ ಯಾವ ಕೊರತೆ ನೀಗುತ್ತದೆ ಎಂಬುದನ್ನು ಹಣ ಕೊಡುವವರ ಕಡೆಯಿಂದ ತೂಗಿ ನೋಡುವ ಪ್ರಯತ್ನ ಇಲ್ಲಿದೆ. ನನ್ನ ಒಲವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪದವಿ ಮುಗಿದ ಮೊದಲ ಎರಡು ವರ್ಷ ಕೆಲಸ ಮಾಡಲು ಜಾಗ ಒದಗಿಸುವ ನೆರವು ಉಳಿದವೆಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ನಂಬಿಕೆ. ಆದರೆ ಅದನ್ನು ನಡೆಸುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಪದವಿಯೊಂದಿಗೆ ಕೈತಪ್ಪಿ ಹೋಗುವುದೇನು?

ನಾಲ್ಕು ವರ್ಷದ ದೃಶ್ಯಕಲಾ ಪದವಿಯಲ್ಲಿ ವಿದ್ಯಾರ್ಥಿಗೆ ಸಿಗುವುದು ಪಾಠ ಮಾತ್ರವಲ್ಲ. ಬೆಳಗ್ಗೆ ಬಂದು ಸಂಜೆಯವರೆಗೆ ಕೆಲಸ ಮಾಡಬಹುದಾದ ಕೋಣೆ, ಅರ್ಧಕ್ಕೆ ಬಿಟ್ಟ ಕೆಲಸವನ್ನು ಮರುದಿನ ಅಲ್ಲಿಯೇ ಕಾಣುವ ಅನುಕೂಲ, ಪಕ್ಕದಲ್ಲಿ ನಿಂತು ಮುಖ ನೋಡದೆ ಟೀಕೆ ಮಾಡುವ ಸಹಪಾಠಿಗಳು, ಒಬ್ಬರಿಂದ ಕೊಳ್ಳಲಾಗದ ಯಂತ್ರಗಳು, ಇವೆಲ್ಲ ಅಲ್ಲಿವೆ. ಅಂತಿಮ ವರ್ಷದ ಪ್ರದರ್ಶನ ಮುಗಿದು ಕೋಣೆ ಖಾಲಿ ಮಾಡಿಕೊಟ್ಟ ದಿನ ಇವೆಲ್ಲವೂ ಒಟ್ಟಿಗೇ ಕೈಬಿಡುತ್ತವೆ.

ಈ ನಷ್ಟ ಎಲ್ಲರಿಗೂ ಒಂದೇ ಬಗೆಯದಲ್ಲ. ಚಿತ್ರ ಬರೆಯುವವರು ಮನೆಯ ಒಂದು ಮೂಲೆಯಲ್ಲಾದರೂ ಸಣ್ಣ ಅಳತೆಯ ಕ್ಯಾನ್ವಾಸ್ ಇಟ್ಟುಕೊಂಡು ಮುಂದುವರಿಯಬಹುದು. ಅಚ್ಚುಚಿತ್ರ, ಅಂದರೆ ಗ್ರಾಫಿಕ್ ವಿಭಾಗದಲ್ಲಿ ಓದಿದವರ ಪಾಡು ಬೇರೆ. ಸತುವಿನ ತಗಡಿನ ಮೇಲೆ ಗ್ರೌಂಡ್ (ಆಮ್ಲ ತಾಗದಂತೆ ತಡೆಯುವ ಲೇಪ) ಬಳಿದು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಗೆರೆಗಳೊಳಗೆ ಶಾಯಿ ತುಂಬಿ, ಮೇಲಿನದನ್ನು ಬಟ್ಟೆಯಿಂದ ಒರೆಸಿ, ತೇವಗೊಳಿಸಿದ ಕಾಗದ ಹಾಸಿ, ಅದರ ಮೇಲೆ ದಪ್ಪ ಉಣ್ಣೆಬಟ್ಟೆ ಹೊದಿಸಿ ಪ್ರೆಸ್ಸಿನ ಉರುಳೆಗಳ ನಡುವೆ ಹಾಯಿಸಿದಾಗಲೇ ಒಂದು ಪ್ರತಿ ಕೈಗೆ ಬರುವುದು. ಆಮ್ಲದ ತಟ್ಟೆಯನ್ನು ಬಾಡಿಗೆ ಮನೆಯ ಬಚ್ಚಲಿನಲ್ಲಿ ಇಡಲಾಗುವುದಿಲ್ಲ, ಪ್ರೆಸ್ಸನ್ನು ಎರಡನೆಯ ಮಹಡಿಗೆ ಹೊರಲೂ ಆಗುವುದಿಲ್ಲ. ಸಾವಿರದಿನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಮಡಕೆ ಸುಡುವ ಕುಲುಮೆ ಬೇಕಾದ ಸೆರಾಮಿಕ್ ಕಲಾವಿದರದ್ದೂ, ವೆಲ್ಡಿಂಗ್ ಮತ್ತು ಎರಕದ ಸೌಕರ್ಯ ಬೇಕಾದ ಶಿಲ್ಪಿಗಳದ್ದೂ ಇದೇ ಕಥೆ. ತಾವು ಕಲಿತ ಮಾಧ್ಯಮವನ್ನು ಮೊದಲು ಬಿಡುವವರು ಇವರೇ. ಯಾರಿಗೆ ನೆರವಾಗಬೇಕು ಎಂದು ಕೇಳಿದವರಿಗೆ ನಾನು ಮೊದಲು ತೋರಿಸುವುದೂ ಇವರನ್ನೇ.

ಪದವಿ ಮುಗಿಸಿದವರು ಸಿನಿಮಾದ ಕಲಾ ವಿಭಾಗಕ್ಕೆ, ಆನಿಮೇಷನ್ ಸ್ಟುಡಿಯೊಗೆ, ಮದುವೆ ಮಂಟಪದ ಅಲಂಕಾರಕ್ಕೆ, ಖಾಸಗಿ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಕೆಲಸಕ್ಕೆ ಹೋಗುತ್ತಾರೆ. ಇದರಲ್ಲಿ ಕೀಳೆನ್ನುವಂಥದ್ದು ಏನೂ ಇಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದ್ದದ್ದೇ. ಆ ದುಡಿಮೆಯ ನಡುವೆ ಸ್ವಂತ ಕೆಲಸ ನಿಲ್ಲದಂತೆ ಕಾಪಾಡುವುದಷ್ಟೇ ನೆರವಿನ ಉದ್ದೇಶವಾಗಬೇಕು.

ದತ್ತಿ ಬಹುಮಾನ

ಇದರ ಆಕರ್ಷಣೆ ಸುಲಭವಾಗಿ ಅರ್ಥವಾಗುತ್ತದೆ. ಒಮ್ಮೆ ಹಣ ಇಟ್ಟರೆ ಸಾಕು, ಹೆಸರು ಉಳಿಯುತ್ತದೆ, ವರ್ಷಕ್ಕೊಂದು ಸಮಾರಂಭ ನಡೆಯುತ್ತದೆ, ಕಾಲೇಜಿನ ಆಡಳಿತಕ್ಕೂ ತೊಂದರೆಯಿಲ್ಲ. ಲೆಕ್ಕ ಹಾಕಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಶೇಕಡಾ 7ರ ಬಡ್ಡಿಯೆಂದು ಹಿಡಿದರೆ ಒಂದು ಲಕ್ಷ ರೂಪಾಯಿಯ ಠೇವಣಿಯಿಂದ ವರ್ಷಕ್ಕೆ ಬರುವುದು 7,000 ರೂಪಾಯಿ. ಐದು ಲಕ್ಷ ಇಟ್ಟರೂ 35,000. ಅಸಲು ಬೆಳೆಯುವುದಿಲ್ಲವಾದ್ದರಿಂದ ಬೆಲೆ ಏರಿದಂತೆಲ್ಲ ಆ ಬಹುಮಾನದ ತೂಕ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆ. ಹತ್ತಾರು ವರ್ಷಗಳ ಹಿಂದೆ ಗೌರವದ ಮೊತ್ತವೆನಿಸಿದ್ದ ಎಷ್ಟೋ ದತ್ತಿಗಳು ಇಂದು ಒಂದು ಡಬ್ಬಿ ಒಳ್ಳೆಯ ಬಣ್ಣಕ್ಕೂ ಸಾಲದ ಸ್ಥಿತಿಗೆ ಬಂದಿವೆ.

ಅದಕ್ಕಿಂತ ದೊಡ್ಡ ತೊಡಕೆಂದರೆ ಬಹುಮಾನ ಸಿಗುವ ಹೊತ್ತು. ತರಗತಿಯಲ್ಲಿ ಮೊದಲಿಗರಾದವರಿಗೆ, ಅಂದರೆ ಹೇಗೂ ಶಿಕ್ಷಕರ ಕಣ್ಣಿಗೆ ಬಿದ್ದವರಿಗೆ, ಕಾಲೇಜಿನ ಸೌಕರ್ಯ ಇನ್ನೂ ಕೈಯಲ್ಲಿರುವಾಗಲೇ ಅದು ದಕ್ಕುತ್ತದೆ. ದತ್ತಿಯನ್ನೇ ಇಡಬೇಕೆಂದಿದ್ದರೆ ಎರಡು ಷರತ್ತು ಸೇರಿಸಿ ಎಂದು ಹೇಳುತ್ತೇನೆ. ಬಹುಮಾನ ಪದವಿ ಮುಗಿದು ಒಂದು ವರ್ಷ ಕಳೆದವರಿಗೆ ಸಲ್ಲಬೇಕು, ಆ ವರ್ಷದಲ್ಲಿ ಮಾಡಿದ ಕೆಲಸವನ್ನು ನೋಡಿ ಕೊಡಬೇಕು. ಇನ್ನೊಂದು, ಬಡ್ಡಿಯ ಒಂದು ಪಾಲನ್ನು ಪ್ರತಿ ವರ್ಷ ಅಸಲಿಗೆ ಸೇರಿಸಬೇಕು.

ತಿಂಗಳ ಶಿಷ್ಯವೇತನ

ಹೋಲಿಕೆಗೆ ಒಂದು ಅಳತೆಗೋಲಾಗಿ ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನವನ್ನು ತೆಗೆದುಕೊಳ್ಳಬಹುದು. ಈ ಯೋಜನೆಯಲ್ಲಿ 18ರಿಂದ 25 ವರ್ಷದ ಒಳಗಿನವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಹಣ ಸಿಗುತ್ತದೆ. 25 ದಾಟಿ 40ರೊಳಗಿರುವವರಿಗೆ ಅದೇ ಸಚಿವಾಲಯದ ಕಿರಿಯ ಫೆಲೋಶಿಪ್ ಇದ್ದು, ಅದರ ಮೊತ್ತ ತಿಂಗಳಿಗೆ 10,000 ರೂಪಾಯಿ. ಬೆಂಗಳೂರಿನಲ್ಲಿ ಇದು ಒಂದು ಕೋಣೆಯ ಬಾಡಿಗೆಗೆ ಸರಿಹೋಗಬಹುದು. ಗದಗ, ಕಲಬುರಗಿ, ದಾವಣಗೆರೆಯಂಥ ಊರುಗಳಲ್ಲಿ ಬಾಡಿಗೆಯ ಜೊತೆಗೆ ಸಾಮಗ್ರಿಗೂ ಅಷ್ಟಿಷ್ಟು ಉಳಿಯುತ್ತದೆ.

ತಿಂಗಳ ವೇತನದ ಗುಣವೆಂದರೆ ಅದು ಕಲಾವಿದನಿಗೆ ಹೊತ್ತನ್ನು ಕೊಡುತ್ತದೆ. ಸಂಜೆಯ ಟ್ಯೂಷನ್ ಒಂದನ್ನಾದರೂ ಬಿಟ್ಟು ಆ ಗಂಟೆಗಳನ್ನು ಕೆಲಸಕ್ಕೆ ಹಾಕಬಹುದು. ನಮ್ಮ ನಾಡಿನ ಕಲಾ ಇತಿಹಾಸದಲ್ಲಿ ಇಂಥ ನೆರವಿನ ದೊಡ್ಡ ಉದಾಹರಣೆ ಕೆ. ವೆಂಕಟಪ್ಪನವರದು. ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದಿಂದ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಅದೇ ಉದಾಹರಣೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ನಾಲ್ವಡಿಯವರು 1940ರಲ್ಲಿ ತೀರಿಕೊಂಡ ಬಳಿಕ ಅರಮನೆಗಾಗಿ ಮಾಡುತ್ತಿದ್ದ ಉಬ್ಬುಶಿಲ್ಪಗಳ ಕೆಲಸ ನಿಂತಿತು, ಸಂಭಾವನೆಯ ವಿಷಯ ನ್ಯಾಯಾಲಯದವರೆಗೆ ಹೋಯಿತು. ಒಬ್ಬನೇ ದಾನಿಯ ಮರ್ಜಿಯ ಮೇಲೆ ನಿಂತ ನೆರವು ಎಷ್ಟೇ ಉದಾರವಾಗಿದ್ದರೂ ಅದನ್ನು ಕಾಗದದ ಮೇಲೆ, ಅವಧಿ ಮತ್ತು ಮೊತ್ತ ನಮೂದಿಸಿ, ಪೂರ್ತಿ ಹಣವನ್ನು ಮೊದಲೇ ಬೇರೆ ಖಾತೆಯಲ್ಲಿ ಇಟ್ಟು ಕೊಡುವುದು ಲೇಸು. ನಡುವೆ ನಿಂತುಹೋದ ಶಿಷ್ಯವೇತನ ಕೊಡದೇ ಇದ್ದದ್ದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಅದನ್ನು ನಂಬಿ ಆ ಹುಡುಗ ಅಥವಾ ಹುಡುಗಿ ಕೈಯಲ್ಲಿದ್ದ ಕೆಲಸವನ್ನು ಬಿಟ್ಟಿರುತ್ತಾರೆ.

ವಿದ್ಯಾರ್ಥಿಗಳಿಗೆ ಓದುವಾಗಲೇ ಕೊಡುವ ವೇತನವೂ ಇದೆ. ಕಲಾವಿದ ಎಸ್. ಜಿ. ವಾಸುದೇವ್ ಅವರು ತಮ್ಮ ಪತ್ನಿ, ಕಲಾವಿದೆ ಅರ್ನವಾಜ್ ಅವರ ನೆನಪಿನಲ್ಲಿ ಆರಂಭಿಸಿದ ಸಂಸ್ಥೆ ಕಲಾ ವಿದ್ಯಾರ್ಥಿಗಳಿಗೆ ಇಂಥ ನೆರವು ನೀಡಿದೆ. ಬಡತನದಿಂದ ಓದನ್ನೇ ಅರ್ಧಕ್ಕೆ ಬಿಡುವ ಸಾಧ್ಯತೆ ಇರುವಲ್ಲಿ ಇದಕ್ಕೇ ಮೊದಲ ಆದ್ಯತೆ ಸಲ್ಲಬೇಕು.

ಹಂಚಿಕೊಂಡು ಬಳಸುವ ಸ್ಟುಡಿಯೊ

ಮೇಲಿನ ಐದು ಲಕ್ಷದ ಲೆಕ್ಕವನ್ನೇ ಮುಂದುವರಿಸೋಣ. ತಿಂಗಳಿಗೆ ಹತ್ತು ಸಾವಿರದಂತೆ ಎರಡು ವರ್ಷ ಕೊಡಲು ಒಬ್ಬರಿಗೆ 2,40,000 ಬೇಕು. ಹಾಗಾಗಿ ಐದು ಲಕ್ಷದಲ್ಲಿ ಇಬ್ಬರಿಗೆ ಮಾತ್ರ ನೆರವಾಗಬಹುದು. ಅದೇ ಹಣದಲ್ಲಿ ಜಿಲ್ಲಾ ಕೇಂದ್ರವೊಂದರಲ್ಲಿ ತಿಂಗಳಿಗೆ 15,000 ಬಾಡಿಗೆಯ ಹಳೆಯ ಗೋದಾಮನ್ನೋ ಮನೆಯನ್ನೋ ಹಿಡಿದರೆ ಎರಡು ವರ್ಷಕ್ಕೆ 3,60,000 ಆಯಿತು; ಉಳಿದ 1,40,000 ಸಲಕರಣೆ, ವಿದ್ಯುತ್ತು, ದುರಸ್ತಿಗೆ. ಅಲ್ಲಿ ಎಂಟು ಮಂದಿ ಕೆಲಸ ಮಾಡಿದರೆ ಒಬ್ಬರಿಗೆ ತಿಂಗಳಿಗೆ ತಗಲುವುದು ಸುಮಾರು 2,600 ರೂಪಾಯಿ. ಹಣದ ಲೆಕ್ಕದಲ್ಲಿಯೇ ಸ್ಟುಡಿಯೊ ಮುಂದಿದೆ. ಆದರೆ ಅದರ ನಿಜವಾದ ಲಾಭ ಎಂಟು ಮಂದಿ ಒಂದೇ ಸೂರಿನಡಿ ಪರಸ್ಪರರ ಕೆಲಸ ನೋಡುತ್ತಾ ಇರುವುದರಲ್ಲಿದೆ. ಕಾಲೇಜು ಮುಗಿದ ಮೇಲೆ ಹಣ ಕೊಟ್ಟರೂ ಸಿಗದ ವಸ್ತು ಅದು.

ಇದು ಹೊಸ ವಿಚಾರವೇನಲ್ಲ. ಮದ್ರಾಸ್ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದ್ದು ಇದೇ ಪ್ರಶ್ನೆಗೆ ಉತ್ತರವಾಗಿ: ಶಾಲೆಯಿಂದ ಹೊರಬಿದ್ದವರು ಎಲ್ಲಿ ಕೂತು ಕೆಲಸ ಮಾಡಬೇಕು? ಬಾಟಿಕ್ ಮತ್ತಿತರ ಕರಕುಶಲ ವಸ್ತುಗಳನ್ನು ಮಾಡಿ ಮಾರಿದ ಹಣದಿಂದ ಅವರು ಸಮುದ್ರದ ಬದಿಯಲ್ಲಿ ಜಾಗ ಕೊಂಡರು; ಹಗಲಿನ ಒಂದು ಪಾಲು ಬದುಕಿಗೆ, ಇನ್ನೊಂದು ಪಾಲು ಸ್ವಂತ ಕಲೆಗೆ ಎಂಬ ಕ್ರಮ ಹಾಕಿಕೊಂಡರು. ಮೈಸೂರಿನಲ್ಲಿ ಹುಟ್ಟಿದ ವಾಸುದೇವ್ ಅವರೂ ಅದರ ಆರಂಭದ ಸದಸ್ಯರಲ್ಲೊಬ್ಬರು. ಕೇಂದ್ರ ಲಲಿತಕಲಾ ಅಕಾಡೆಮಿ ದೆಹಲಿಯ ಗಢಿಯಲ್ಲಿಯೂ ಚೆನ್ನೈನ ಪ್ರಾದೇಶಿಕ ಕೇಂದ್ರದಲ್ಲಿಯೂ ಸ್ಟುಡಿಯೊಗಳನ್ನು ನಡೆಸುತ್ತಿದೆ. ಅಹಮದಾಬಾದಿನಲ್ಲಿ 1984ರಲ್ಲಿ ಆರಂಭವಾದ ಕನೋರಿಯಾ ಕಲಾ ಕೇಂದ್ರ ಖಾಸಗಿ ನೆರವಿನಿಂದಲೂ ಇಂಥದ್ದು ಸಾಧ್ಯವೆಂಬುದಕ್ಕೆ ಸಾಕ್ಷಿ. ಕರ್ನಾಟಕದ ಸಣ್ಣ ಊರುಗಳ ಮಟ್ಟಿಗೆ ಮಾತ್ರ ಈ ಬಗೆಯ ವ್ಯವಸ್ಥೆ ತೀರಾ ವಿರಳ. ಧಾರವಾಡ, ಕಲಬುರಗಿ, ದಾವಣಗೆರೆ, ಮೈಸೂರುಗಳಲ್ಲಿ ಕಲಾ ಕಾಲೇಜುಗಳಿವೆ. ಆ ಕಾಲೇಜುಗಳಿಂದ ಹೊರಬಂದವರಿಗೆ ಅದೇ ಊರಿನಲ್ಲಿ ಒಂದು ಪ್ರೆಸ್ಸು, ಒಂದು ಕುಲುಮೆ ಸಿಕ್ಕರೆ ಅವರು ಬೆಂಗಳೂರಿನ ಬಸ್ಸು ಹತ್ತುವುದನ್ನು ಒಂದೆರಡು ವರ್ಷ ಮುಂದೂಡಬಹುದು.

ಇನ್ನು ಕಷ್ಟದ ಕಡೆ. ಸ್ಟುಡಿಯೊಗಳು ಸಾಮಾನ್ಯವಾಗಿ ಹಣದ ಕೊರತೆಗಿಂತ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಜಗಳದಿಂದ ಮುಚ್ಚುತ್ತವೆ. ದಿನಕ್ಕೊಮ್ಮೆಯಾದರೂ ಬಂದು ಹೋಗುವ, ಅದಕ್ಕಾಗಿ ಸಂಬಳ ಪಡೆಯುವ (ಮೇಲಿನ ಲೆಕ್ಕದಲ್ಲಿ ಸೇರದ ಖರ್ಚು ಇದು) ಒಬ್ಬ ವ್ಯವಸ್ಥಾಪಕರಿಲ್ಲದೆ ಆಮ್ಲ, ಬೆಂಕಿ, ವಿದ್ಯುತ್ತು ಇರುವ ಜಾಗವನ್ನು ತೆರೆಯಬಾರದು. ಕುಲುಮೆಗೆ ತ್ರೀ ಫೇಸ್ ಸಂಪರ್ಕ ಬೇಕಾಗಬಹುದು, ಮನೆಮಾಲೀಕರ ಒಪ್ಪಿಗೆಯನ್ನು ಬರೆಸಿಕೊಳ್ಳಬೇಕು, ಒಬ್ಬರಿಗೆ ಎರಡು ವರ್ಷಕ್ಕಿಂತ ಹೆಚ್ಚು ಅವಕಾಶವಿಲ್ಲವೆಂಬ ನಿಯಮವನ್ನು ಮೊದಲ ದಿನವೇ ಹೇಳಬೇಕು. ಇಲ್ಲದಿದ್ದರೆ ಮೊದಲ ತಂಡವೇ ಅಲ್ಲಿ ಬೇರೂರಿ, ಹೊಸಬರಿಗೆ ಬಾಗಿಲು ಮುಚ್ಚಿಹೋಗುತ್ತದೆ. ಸಾಂಕೇತಿಕವಾಗಿಯಾದರೂ ಬಳಕೆದಾರರಿಂದ ತಿಂಗಳಿಗೆ ಒಂದಿಷ್ಟು ಶುಲ್ಕ ಪಡೆಯುವುದು ಒಳ್ಳೆಯದು, ಹಣಕ್ಕಾಗಿ ಅಲ್ಲ, ಬಾರದೆ ಜಾಗ ಹಿಡಿದಿಟ್ಟುಕೊಳ್ಳುವವರನ್ನು ತಡೆಯುವುದಕ್ಕಾಗಿ. ಹೆಣ್ಣುಮಕ್ಕಳು ಸಂಜೆಯ ಮೇಲೂ ನಿರಾತಂಕವಾಗಿ ಕೆಲಸ ಮಾಡುವಂತಿರಬೇಕಾದರೆ ಬಸ್ ನಿಲ್ದಾಣದ ಹತ್ತಿರವಿರುವ ಸಣ್ಣ ಜಾಗ ಊರಾಚೆಯ ದೊಡ್ಡ ಶೆಡ್ಡಿಗಿಂತ ಮೇಲು.

ರೆಸಿಡೆನ್ಸಿ

ಒಂದು ತಿಂಗಳೋ ಎರಡು ತಿಂಗಳೋ ಬೇರೊಂದು ಊರಿನಲ್ಲಿ ಉಳಿದು, ಬೇರೆ ಬೇರೆ ಕಡೆಯ ಕಲಾವಿದರೊಡನೆ ಕೆಲಸ ಮಾಡುವ ಈ ಕ್ರಮ ಸ್ಟುಡಿಯೊಗೆ ಬದಲಿಯಲ್ಲ, ಆದರೆ ಅದಕ್ಕಿಲ್ಲದ ಒಂದು ಗುಣ ಇದಕ್ಕಿದೆ. ಊರಿನ ಗುಂಪಿನೊಳಗೆ ಬೆಳೆದ ಅಭ್ಯಾಸಗಳನ್ನು ಅದು ಅಲುಗಾಡಿಸುತ್ತದೆ. ಬೆಂಗಳೂರಿನ ಶಾಂತಿನಗರದಲ್ಲಿ ಕಲಾ ಇತಿಹಾಸಕಾರ ಸುರೇಶ್ ಜಯರಾಂ 2003ರಲ್ಲಿ ಆರಂಭಿಸಿದ ವನ್ ಶಾಂತಿರೋಡ್, ಬಾದಾಮಿ ಮರವೊಂದನ್ನು ಉಳಿಸಿಕೊಂಡು ಕಟ್ಟಿದ ಮನೆಯಲ್ಲಿಯೇ ಕಲಾವಿದರಿಗೆ ವಾಸ್ತವ್ಯ, ಪ್ರದರ್ಶನ, ಮಾತುಕತೆಗಳಿಗೆ ಅವಕಾಶ ಕೊಟ್ಟಿದೆ. ದೆಹಲಿಯ ಖೋಜ್ ಎಂಬ ಕಲಾ ಸಂಸ್ಥೆ 1997ರಲ್ಲಿ ಶುರುವಾಯಿತು; ಅದರ ‘ಪಿಯರ್ಸ್’ ಎಂಬ ಕಾರ್ಯಕ್ರಮವನ್ನು ಈಗಷ್ಟೇ ಕಲಾಶಾಲೆ ಮುಗಿಸಿದವರಿಗಾಗಿಯೇ ರೂಪಿಸಲಾಗಿದೆ.

ದಾನಿಗಳಿಗೆ ನನ್ನ ಸಲಹೆ: ಹೊಸ ರೆಸಿಡೆನ್ಸಿ ಕಟ್ಟಲು ಹೋಗಬೇಡಿ. ಇರುವ ಕಡೆಗೆ ಹೋಗಿಬರುವ ರೈಲು ವೆಚ್ಚ, ಸಾಮಗ್ರಿ ವೆಚ್ಚ ಮತ್ತು ಮನೆಗೆ ಕಳುಹಿಸಲೇಬೇಕಾದ ಒಂದು ತಿಂಗಳ ಸಂಪಾದನೆ, ಈ ಮೂರನ್ನು ಕೊಡಿ. ಆಯ್ಕೆಯಾದ ಮೇಲೂ ಹೋಗಲಾಗದೆ ಕೈಬಿಡುವವರ ಮುಖ್ಯ ಅಡ್ಡಿ ಮೂರನೆಯದೇ, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರದರ್ಶನ, ಮಾರಾಟ, ಕೆಲಸದ ಆದೇಶ

ಗ್ಯಾಲರಿ ಬಾಡಿಗೆ ಕೊಟ್ಟು ಗುಂಪು ಪ್ರದರ್ಶನ ಏರ್ಪಡಿಸುವುದು ಜನಪ್ರಿಯ ನೆರವು. ಕಣ್ಣಿಗೆ ಕಾಣುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಆದರೆ ಬಾಡಿಗೆಗಿಂತ ಫ್ರೇಮು, ಸಾಗಣೆ, ಊರಿನಲ್ಲಿ ಉಳಿಯುವ ಖರ್ಚು ದೊಡ್ಡದು. ಕಲಬುರಗಿಯಿಂದ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಆರಡಿ ಕ್ಯಾನ್ವಾಸನ್ನು ಐನೂರು ಕಿಲೋಮೀಟರಿಗೂ ಹೆಚ್ಚು ದೂರ ತಂದು, ವಾರ ಕಳೆದು, ಮಾರಾಟವಾಗದೆ ವಾಪಸ್ ಒಯ್ಯುವವರಿಗೆ ‘ಬಾಡಿಗೆ ಉಚಿತ’ ಎಂಬುದು ದೊಡ್ಡ ಸಮಾಧಾನವೇನಲ್ಲ. ಕೊಡುವುದಾದರೆ ಸಾಗಣೆಯ ಹಣವನ್ನು ಕೊಡಿ. ಓದುತ್ತಿರುವವರ ಮಟ್ಟಿಗೆ 2014ರಿಂದ ಕೊಚ್ಚಿ ಬಿನಾಲೆಯೊಂದಿಗೆ (ಎರಡು ವರ್ಷಕ್ಕೊಮ್ಮೆಯ ದೊಡ್ಡ ಕಲಾ ಪ್ರದರ್ಶನ) ನಡೆದುಬಂದಿರುವ ವಿದ್ಯಾರ್ಥಿಗಳ ಬಿನಾಲೆ ಬಹಳ ಉಪಯುಕ್ತ. ಅದನ್ನು ನೋಡಲು ಒಂದು ತರಗತಿಯನ್ನು ಬಸ್ಸಿನಲ್ಲಿ ಕರೆದೊಯ್ಯುವ ಖರ್ಚು ಒಂದು ಸಮಾರಂಭದ ಶಾಮಿಯಾನಕ್ಕಿಂತ ಹೆಚ್ಚಾಗಲಿಕ್ಕಿಲ್ಲ.

ಜನವರಿಯ ಒಂದು ಭಾನುವಾರ ಕರ್ನಾಟಕ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯನ್ನು ಬೇರೆಯಾಗಿಯೇ ನೋಡಬೇಕು. ಸಾವಿರಕ್ಕೂ ಹೆಚ್ಚು ಕಲಾವಿದರು ಸೇರುವ ಆ ಬೀದಿಯಲ್ಲಿ ಕೊಳ್ಳುವವನ ಮುಖ ನೋಡಿ ಬೆಲೆ ಹೇಳುವ ಧೈರ್ಯ ಬರುತ್ತದೆ, ಅದು ಕಾಲೇಜಿನಲ್ಲಿ ಕಲಿಸದ ಪಾಠ. ಅಲ್ಲಿ ಸಲೀಸಾಗಿ ಮಾರಾಟವಾಗುವುದು ಮನೆಯ ಗೋಡೆಗೆ ಒಪ್ಪುವ ಸಣ್ಣ ಚಿತ್ರ ಎಂಬುದನ್ನು ಮರೆಯಬಾರದು ಅಷ್ಟೆ. ಸಂತೆಯಲ್ಲಿ ಗೆದ್ದದ್ದನ್ನೇ ವರ್ಷವಿಡೀ ಮಾಡುತ್ತ ಕೂತವರೂ ಇದ್ದಾರೆ.

ಕೊಳ್ಳುವುದು ಎಲ್ಲಕ್ಕಿಂತ ನೇರವಾದ ನೆರವು. ಆಸ್ಪತ್ರೆ, ಬ್ಯಾಂಕು, ಕಾಲೇಜು ಕಟ್ಟಿಸುವವರು ಗೋಡೆಗೆ ಮುದ್ರಿತ ಹಾಳೆ ಅಂಟಿಸುವ ಬದಲು ಊರಿನ ಕಲಾ ಪದವೀಧರರಿಗೆ ಕೆಲಸ ಒಪ್ಪಿಸಬಹುದು. ಹಾಗೆ ಒಪ್ಪಿಸುವಾಗ ಅರ್ಧ ಹಣ ಮುಂಗಡ ಕೊಡಿ, ಸಾಮಗ್ರಿಯ ವೆಚ್ಚವನ್ನು ಬೇರೆ ಹಿಡಿಯಿರಿ. ಹಕ್ಕಿನ ಮಾತನ್ನೂ ಬರೆದಿಡಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರದ್ದೇ ಆಗುತ್ತದೆ. ಇದು ಎಷ್ಟೋ ಯುವ ಕಲಾವಿದರಿಗೆ ಗೊತ್ತಿಲ್ಲ. ನೆರವಾಗಲೆಂದೇ ಬಂದವರು ಆ ಹಕ್ಕನ್ನು ಕಲಾವಿದನಿಗೇ ಬಿಟ್ಟುಕೊಡುವ ಒಂದು ಸಾಲನ್ನು ಪತ್ರದಲ್ಲಿ ಸೇರಿಸಬೇಕು.

ಹಣವೇ ಬೇಡದ ನೆರವು

ಅರ್ಜಿ ಬರೆಯಲು ಕೂರಿಸುವುದು. ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ನನಗೆ ಗೊತ್ತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ತನ್ನ ಕೆಲಸದ ಬಗ್ಗೆ ಸ್ನೇಹಿತರ ನಡುವೆ ಗಂಟೆಗಟ್ಟಲೆ ಮಾತಾಡುತ್ತಾನೆ. ಇಂಗ್ಲಿಷಿನಲ್ಲಿ ಒಂದು ಪುಟ ಬರೆ ಎಂದೊಡನೆ ಅಂತರ್ಜಾಲದಿಂದ ಎತ್ತಿದ ನಾಲ್ಕು ದೊಡ್ಡ ಪದಗಳ ಹಿಂದೆ ಮರೆಯಾಗುತ್ತಾನೆ. ಬೆಂಗಳೂರಿನಲ್ಲಿಯೇ ಇರುವ, 1993ರಲ್ಲಿ ಸ್ಥಾಪನೆಯಾದ, ಕಲೆಗೆ ಅನುದಾನ ಕೊಡುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಯಾವುದೇ ಭಾರತೀಯ ಭಾಷೆಯಲ್ಲಿ ಪ್ರಸ್ತಾವನೆ ಸ್ವೀಕರಿಸುತ್ತದೆ ಎಂಬುದನ್ನು ಕೇಳಿ ಬೆರಗಾಗುವ ಕಲಾವಿದರು ಇಂದಿಗೂ ಸಿಗುತ್ತಾರೆ. ತಿಂಗಳಿಗೊಂದು ಭಾನುವಾರ ಒಬ್ಬ ಹಿರಿಯ ಕಲಾವಿದ, ಒಬ್ಬ ಭಾಷೆ ಬಲ್ಲವರು, ಒಬ್ಬ ಒಳ್ಳೆಯ ಛಾಯಾಗ್ರಾಹಕರು ಕಾಲೇಜಿನ ಒಂದು ಕೋಣೆಯಲ್ಲಿ ಕೂತು ಕೃತಿಗಳ ಫೋಟೊ ತೆಗೆದು, ಅಳತೆ, ಮಾಧ್ಯಮ, ವರ್ಷ ಬರೆಸಿ, ಅರ್ಜಿಯನ್ನು ತಿದ್ದಿಕೊಟ್ಟರೆ ಸಾಕು. ಓರೆಯಾಗಿ, ಟ್ಯೂಬ್‌ಲೈಟಿನ ಪ್ರತಿಫಲನದೊಂದಿಗೆ ತೆಗೆದ ಫೋಟೊಗಳಿಂದಲೇ ಒಳ್ಳೆಯ ಕೆಲಸ ಮೊದಲ ಸುತ್ತಿನಲ್ಲಿ ಬಿದ್ದುಹೋಗುವುದುಂಟು.

ನಿಮಗೆ ಯಾವುದು ಒಪ್ಪುತ್ತದೆ?

ಒಂದು ಲಕ್ಷದ ಒಳಗೆ ಹಣವಿದ್ದು ನಡೆಸುವವರು ಯಾರೂ ಇಲ್ಲದಿದ್ದರೆ ದತ್ತಿಗಿಂತ ಪ್ರಯಾಣ ಮತ್ತು ಸಾಗಣೆಯ ನಿಧಿ ಮೇಲು. ನಾಲ್ಕೈದು ಲಕ್ಷವಿದ್ದು, ಊರಿನಲ್ಲಿಯೇ ಇರುವ ಇಬ್ಬರು ನಂಬಿಕಸ್ಥರು ಜವಾಬ್ದಾರಿ ಹೊರುವುದಾದರೆ ಸ್ಟುಡಿಯೊ. ಹಣವಿದ್ದು ಅಂಥವರು ಇಲ್ಲದಿದ್ದರೆ ಇಬ್ಬರಿಗೆ ಶಿಷ್ಯವೇತನ. ಖಾಲಿ ಕಟ್ಟಡವಿದ್ದು ಹಣವಿಲ್ಲದವರು ಅದನ್ನು ಸ್ಟುಡಿಯೊಗೆ ಬಿಟ್ಟುಕೊಟ್ಟು ಸಲಕರಣೆಗೆ ಬೇರೆಯವರನ್ನು ಕೇಳಬಹುದು. ಕಾಲೇಜುಗಳಾದರೆ ಹೊಸದೇನೂ ಮಾಡಬೇಕಾಗಿಲ್ಲ. ರಜೆಯ ದಿನಗಳಲ್ಲಿ, ಸಂಜೆಯ ಹೊತ್ತಿನಲ್ಲಿ ತಮ್ಮ ಪ್ರೆಸ್ಸನ್ನೂ ಕುಲುಮೆಯನ್ನೂ ಹಳೆಯ ವಿದ್ಯಾರ್ಥಿಗಳಿಗೆ ತೆರೆದಿಟ್ಟರೆ ಅರ್ಧ ಕೆಲಸ ಮುಗಿಯಿತು. ಪ್ರಾಂಶುಪಾಲರ ಒಂದು ಸುತ್ತೋಲೆಯಿಂದ ಆಗಬಹುದಾದ ಈ ಕೆಲಸ ಏಕೆ ಆಗುತ್ತಿಲ್ಲ ಎಂದು ಹಳೆಯ ವಿದ್ಯಾರ್ಥಿಗಳ ಸಂಘಗಳು ಕೇಳಲೇಬೇಕು.

ವಯಸ್ಸಿನ ಮಿತಿಯನ್ನು ಹಾಕುವಾಗ ಯೋಚಿಸಿ. ಪಿಯುಸಿ ಮುಗಿಸಿ ಎರಡು ಮೂರು ವರ್ಷ ದುಡಿದು ಆಮೇಲೆ ಕಲಾಶಾಲೆಗೆ ಸೇರುವವರು, ಮದುವೆ, ಬಾಣಂತನಗಳ ನಂತರ ಮತ್ತೆ ಕುಂಚ ಹಿಡಿಯುವ ಹೆಣ್ಣುಮಕ್ಕಳು 25ರ ಗೆರೆಯ ಆಚೆ ಉಳಿದುಬಿಡುತ್ತಾರೆ. ವಯಸ್ಸಿನ ಬದಲು ‘ಪದವಿ ಮುಗಿದು ಐದು ವರ್ಷದೊಳಗೆ’ ಎಂದು ಬರೆಯುವುದು ನ್ಯಾಯ. ಹೆಣ್ಣುಮಕ್ಕಳಿಗೆ ಅದನ್ನು ಇನ್ನಷ್ಟು ಸಡಿಲಿಸಬಹುದು.

ಹೊರದೇಶದ ಕನ್ನಡ ಸಂಘಗಳು ಹಣ ಕಳುಹಿಸುವ ಮೊದಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನು ಗಮನಿಸಬೇಕು. ವಿದೇಶಿ ಸಂಘದಿಂದಾಗಲಿ, ಬೇರೆ ದೇಶದ ಪೌರತ್ವ ಪಡೆದವರಿಂದಾಗಲಿ ದೇಣಿಗೆ ಪಡೆಯುವ ಇಲ್ಲಿನ ಟ್ರಸ್ಟಿಗೆ ಆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇರಲೇಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದಕ್ಕೆ ಈ ಅಡ್ಡಿಯಿಲ್ಲ. ಹಾಗಾಗಿ ಸಂಘದ ಹೆಸರಿನಲ್ಲಿ ಒಟ್ಟು ಮೊತ್ತ ಸಂಗ್ರಹಿಸಿ ಊರಿನ ಸಣ್ಣ ಟ್ರಸ್ಟಿಗೆ ಕಳುಹಿಸಲು ಹೊರಡುವುದಕ್ಕಿಂತ, ನೋಂದಣಿ ಇರುವ ಸಂಸ್ಥೆಯೊಂದನ್ನು ಮೊದಲು ಗುರುತಿಸಿ, ಹಣ ಯಾವ ಊರಿನ ಯಾವ ಕೆಲಸಕ್ಕೆ ಹೋಗಬೇಕೆಂಬುದನ್ನು ಅವರೊಡನೆ ಬರವಣಿಗೆಯಲ್ಲಿ ಒಪ್ಪಿಕೊಂಡು ಮುಂದುವರಿಯುವುದು ಸರಿಯಾದ ಕ್ರಮ.